ಮರದ ಜಾತಿ ಕೇಳುತ್ತೇವೆ, ತೇವ ಕೇಳುವುದಿಲ್ಲ

2015ರ ಜೂನ್ 16ರ ನಡುರಾತ್ರಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅಪಾರ್ಟ್‌ಮೆಂಟೊಂದರ ಐದನೇ ಮಹಡಿಯ ಬಾಲ್ಕನಿ ಕುಸಿಯಿತು. ಹುಟ್ಟುಹಬ್ಬದ ಸಂತೋಷಕೂಟಕ್ಕೆ ಸೇರಿದ್ದ 13 ಮಂದಿ ಕೆಳಕ್ಕೆ ಬಿದ್ದರು, ಆರು ಜನ ಸತ್ತರು. ಸತ್ತವರಲ್ಲಿ ಐವರು ಐರ್ಲೆಂಡಿನಿಂದ ಬೇಸಿಗೆ ರಜೆಯ ಕೆಲಸಕ್ಕೆಂದು ಬಂದಿದ್ದ ವಿದ್ಯಾರ್ಥಿಗಳು. ಕಟ್ಟಡಕ್ಕೆ ಆಗ ಎಂಟೇ ವರ್ಷ. ಬಾಲ್ಕನಿಯನ್ನು ಹೊತ್ತಿದ್ದ ಮರದ ತೊಲೆಗಳು ಗೋಡೆಯ ಬುಡದಲ್ಲೇ ಲಡ್ಡಾಗಿದ್ದವು. ಹೊರಗಿನಿಂದ ನೋಡಿದವರಿಗೆ ಆ ತೊಲೆಗಳು ಕಾಣುವಂತಿರಲಿಲ್ಲ, ಏಕೆಂದರೆ ಮರವನ್ನು ಎಲ್ಲ ಕಡೆಯಿಂದ ಮುಚ್ಚಲಾಗಿತ್ತು. ಒಳಗೆ ಸೇರಿದ ನೀರಿಗೆ ಹೊರಬರಲು ದಾರಿ ಇರಲಿಲ್ಲ.

ಆ ದುರಂತವನ್ನು ಈಗ ನೆನೆಯುವುದಕ್ಕೆ ಕಾರಣವಿದೆ. ಕೇಂದ್ರ ಲೋಕೋಪಯೋಗಿ ಇಲಾಖೆ ಕಾಡು ಉಳಿಸುವ ಸಲುವಾಗಿ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರ ಬಳಸುವುದನ್ನು ನಿಷೇಧಿಸಿತ್ತು. 2020ರಲ್ಲಿ ಆ ನಿಷೇಧ ತೆರವಾಯಿತು. ಸಿಮೆಂಟು ಮತ್ತು ಉಕ್ಕಿಗಿಂತ ಮರ ಪರಿಸರಕ್ಕೆ ಹಗುರ, ನೆಟ್ಟು ಬೆಳೆಸಿದ ಮರಕ್ಕೆ ಬೇಡಿಕೆ ಬಂದರೆ ರೈತನಿಗೂ ಲಾಭ ಎಂಬ ವಾದ ಗೆದ್ದಿತು. ಆ ವಾದ ಸರಿಯಾದದ್ದೇ. ಇತ್ತ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಗುಡ್ಡಗಳಲ್ಲಿ ಮರದ ಕಾಟೇಜು, ಕಣಿವೆಗೆ ಚಾಚಿದ ಮರದ ಜಗಲಿ, ಮರದ ಮೇಲಿನ ಮನೆಗಳು ಸಾಲುಗಟ್ಟಿ ಏಳುತ್ತಿವೆ. ವರ್ಷಕ್ಕೆ ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ ಸೀಮೆಗೆ ಮರ ಹೀಗೆ ಮರಳುತ್ತಿರುವಾಗ, ಅದನ್ನು ನೀರಿನೊಡನೆ ಹೊಂದಿಸುವ ತಿಳಿವಳಿಕೆ ಮಾತ್ರ ಜೊತೆಗೆ ಬಂದಂತೆ ಕಾಣುವುದಿಲ್ಲ.

ಮನೆ ಕಟ್ಟಿಸುವವರು ನಾಟಾ ಅಂಗಡಿಗೆ ಹೋದರೆ ಕೇಳುವುದು ‘ಇದು ತೇಗವೇ, ಹೊನ್ನೆಯೇ, ಮತ್ತಿಯೇ?’ ಎಂದು. ಟೆಂಡರು ದಾಖಲೆಗಳಲ್ಲೂ ಒತ್ತು ಬೀಳುವುದು ಜಾತಿಗೇ. ಆದರೆ ತೊಲೆಯೊಂದು ಎಷ್ಟು ಭಾರ ಹೊರುತ್ತದೆ, ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಜಾತಿಯಷ್ಟೇ ಬಲವಾಗಿ, ಎಷ್ಟೋ ಸಲ ಅದಕ್ಕಿಂತ ಬಲವಾಗಿ ನಿರ್ಧರಿಸುವುದು ಅದರಲ್ಲಿರುವ ತೇವಾಂಶ.

ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಜೀವಕೋಶಗಳ ಪೊಳ್ಳಿನಲ್ಲಿ ತುಂಬಿಕೊಂಡದ್ದು ಒಂದು, ಕೋಶದ ಗೋಡೆಯ ನಾರುಗಳ ನಡುವೆ ಅಂಟಿಕೊಂಡದ್ದು ಇನ್ನೊಂದು. ಕಡಿದ ಮರ ಒಣಗುವಾಗ ಮೊದಲು ಖಾಲಿಯಾಗುವುದು ಪೊಳ್ಳಿನ ನೀರು. ಆಗ ತೂಕ ಇಳಿಯುತ್ತದೆ, ಗಾತ್ರವಾಗಲಿ ಬಲವಾಗಲಿ ಬದಲಾಗುವುದಿಲ್ಲ. ತೇವಾಂಶ ಶೇ 25–30ರ ಆಸುಪಾಸಿಗೆ ಬಂದಾಗ ಪೊಳ್ಳು ಬರಿದಾಗಿರುತ್ತದೆ, ಗೋಡೆ ಮಾತ್ರ ನೆನೆದಿರುತ್ತದೆ. ಅಲ್ಲಿಂದ ಕೆಳಗೆ ಪ್ರತಿಯೊಂದು ಶೇಕಡವೂ ಲೆಕ್ಕಕ್ಕೆ ಬರುತ್ತದೆ. ನಾರುಗಳ ನಡುವಿನ ನೀರು ಹೋದಂತೆ ಅವು ಒತ್ತೊತ್ತಾಗಿ ಬಿಗಿದುಕೊಳ್ಳುತ್ತವೆ, ಮರ ಕುಗ್ಗುತ್ತದೆ, ಗಟ್ಟಿಯಾಗುತ್ತದೆ. ತೇವಾಂಶ ಒಂದು ಶೇಕಡ ಇಳಿದರೆ ಬಾಗುವಿಕೆ ತಡೆಯುವ ಬಲ ಸುಮಾರು ಶೇ 4ರಷ್ಟು, ಉದ್ದಕ್ಕೆ ಅದುಮುವ ಭಾರ ತಡೆಯುವ ಬಲ ಶೇ 5ರಷ್ಟು ಏರುತ್ತದೆ. ಹಸಿ ಕಂಬಕ್ಕೂ ಶೇ 12ಕ್ಕೆ ಒಣಗಿದ ಅದೇ ಜಾತಿಯ ಕಂಬಕ್ಕೂ ಭಾರ ಹೊರುವುದರಲ್ಲಿ ಹೆಚ್ಚುಕಡಿಮೆ ಒಂದಕ್ಕೆರಡರ ಅಂತರ.

ಭಾರತೀಯ ಮಾನಕ ಬ್ಯೂರೊದ ಐಎಸ್ 883 ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ತೇಗದಂತಹ ಮಧ್ಯಮ ಗುಂಪಿನ ಮೊದಲ ದರ್ಜೆಯ ಮರಕ್ಕೆ ಬಾಗುವಿಕೆಯಲ್ಲಿ ಅದು ಒಪ್ಪುವ ಕನಿಷ್ಠ ಮಿತಿ, ಒಳಾಂಗಣದಲ್ಲಾದರೆ ಚದರ ಮಿಲಿಮೀಟರಿಗೆ 12 ನ್ಯೂಟನ್, ಹೊರಗಡೆ 10, ಸದಾ ತೇವವಿರುವ ಜಾಗದಲ್ಲಿ 8. ಅಂದರೆ ಜಾತಿ, ದಪ್ಪ, ದರ್ಜೆ ಎಲ್ಲ ಒಂದೇ ಆಗಿದ್ದರೂ ತೇವದ ಜಾಗಕ್ಕೆ ಹೋದ ತೊಲೆಯ ಲೆಕ್ಕದ ಬಲದಲ್ಲಿ ಮೂರನೇ ಒಂದು ಪಾಲು ಹೋಗಿಬಿಟ್ಟಿತು. ಇದು ಮರ ಕೊಳೆಯುವುದಕ್ಕೂ ಮುಂಚಿನ ಮಾತು.

ಕೊಳೆತದ ಲೆಕ್ಕ ಬೇರೆಯೇ. ಮರ ತಿನ್ನುವ ಶಿಲೀಂಧ್ರಕ್ಕೆ ನೀರು, ಗಾಳಿ, ಹಿತವಾದ ಬಿಸಿ ಮೂರೂ ಬೇಕು. ನಮ್ಮ ಹವೆಯಲ್ಲಿ ಬಿಸಿಗೆ ಕೊರತೆಯಿಲ್ಲ, ಗಾಳಿಯನ್ನು ತಡೆಯಲಾಗದು. ನಮ್ಮ ಕೈಯಲ್ಲಿರುವುದು ನೀರು ಮಾತ್ರ. ತೇವಾಂಶ ಶೇ 20ರ ಒಳಗಿದ್ದರೆ ಶಿಲೀಂಧ್ರ ಬೇರೂರುವುದಿಲ್ಲ. ಅದು ದಾಟಿ ಶೇ 30ರತ್ತ ಹೋಗಿ ಅಲ್ಲೇ ನಿಂತರೆ ಕೆಲಸ ಶುರುವಾಗುತ್ತದೆ. ಕಂದು ಕೊಳೆತ ಎನ್ನುವ ಬಗೆ ಬಹಳ ಮೋಸದ್ದು. ಮರದ ತೂಕದಲ್ಲಿ ಶೇ 10ರಷ್ಟು ಕಡಿಮೆಯಾಗುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಬಲ ಹೋಗಿರುತ್ತದೆ, ಮೇಲ್ಮೈಯಲ್ಲಿ ಆಗಿನ್ನೂ ಹೇಳಿಕೊಳ್ಳುವಂಥ ಗುರುತು ಇರುವುದಿಲ್ಲ. ಬಣ್ಣ ಬಳಿದ ಪಕಾಸಿನ ತುದಿಯನ್ನು ಬೆರಳಲ್ಲಿ ತಟ್ಟಿದರೆ ಟಣ್ ಎನ್ನುವ ಬದಲು ಮಂಕಾಗಿ ಬೊದ್ ಎನ್ನುತ್ತದೆ. ಚಾಕುವಿನ ಮೊನೆ ಇಟ್ಟು ಒತ್ತಿದರೆ ಬಣ್ಣದ ಪೊರೆ ಒಡೆದು ಮೊನೆ ತಡೆಯಿಲ್ಲದೆ ಇಳಿಯುತ್ತದೆ. ಒಳಗೆ ಅಡ್ಡಕ್ಕೂ ಉದ್ದಕ್ಕೂ ಬಿರಿದ ಕಂದು ಚೌಕಗಳು. ಒಂದನ್ನು ಎತ್ತಿ ಬೆರಳ ನಡುವೆ ಉಜ್ಜಿದರೆ ನಶ್ಯದಂತೆ ಪುಡಿಯಾಗುತ್ತದೆ. ಹೊರಗಿನ ಎಣ್ಣೆ ಬಣ್ಣ ಮಾತ್ರ ಹೊಸದರಂತೆ ಮಿನುಗುತ್ತಿರುತ್ತದೆ.

‘ತೇಗಕ್ಕೆ ಇದೆಲ್ಲ ತಟ್ಟುವುದಿಲ್ಲ’ ಎಂಬ ನಂಬಿಕೆ ನಮ್ಮಲ್ಲಿ ಗಾಢವಾಗಿದೆ. ಮರದ ಬಾಳಿಕೆಯನ್ನು ನಮ್ಮ ಅರಣ್ಯ ವಿಜ್ಞಾನಿಗಳು ಅಳೆಯುವುದು ಕೆಚ್ಚಿನ ತುಂಡುಗಳನ್ನು ಅರ್ಧ ಮಣ್ಣಿನಲ್ಲಿ ಹೂತಿಟ್ಟು. ಹೀಗೆ ಹೂತದ್ದು ಸರಾಸರಿ 120 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ತಡೆದರೆ ಅದು ಅತ್ಯುತ್ತಮ ದರ್ಜೆ. ತೇಗ ಈ ದರ್ಜೆಯದೇ. ಆದರೆ ಹಸಿಮಣ್ಣಿನಲ್ಲಿ ಅತ್ಯುತ್ತಮ ದರ್ಜೆಗೂ ಮಾನಕ ಕೇಳುವುದು ಹತ್ತು ವರ್ಷವನ್ನೇ ಹೊರತು ನೂರು ವರ್ಷವನ್ನಲ್ಲ. ಅದೂ ಕೆಚ್ಚಿಗೆ ಮಾತ್ರ. ಕೆಚ್ಚಿನ ಸುತ್ತ ಇರುವ ಬಿಳಿಮರ ಯಾವ ಜಾತಿಯದಾದರೂ ಬೇಗ ಹಾಳಾಗುತ್ತದೆ. ಇವತ್ತು ಪೇಟೆಗೆ ಬರುವ ತೇಗದಲ್ಲಿ ಬಹುಪಾಲು ತೋಟದಲ್ಲಿ ಬೆಳೆಸಿ ಎಳೆಯದರಲ್ಲೇ ಕಡಿದದ್ದು. ಅದರಲ್ಲಿ ಬಿಳಿಯ ಪಾಲು ಹೆಚ್ಚು. ತಾತನ ಮನೆಯ ತೇಗ ತಡೆಯಿತು ಎಂಬ ಧೈರ್ಯದಿಂದ ಈ ತೇಗವನ್ನು ಮಳೆಗೆ ಒಡ್ಡುವುದು ತಪ್ಪು.

ತಾತನ ಮನೆಯ ಮರ ತಡೆದದ್ದು ಜಾತಿಯ ಬಲದಿಂದಷ್ಟೇ ಅಲ್ಲ, ಕಟ್ಟಿದವರ ವಿವೇಕದಿಂದ. ಮಲೆನಾಡಿನ ಹಳೆಯ ಮನೆಗಳಲ್ಲಿ ಕಂಬ ನೇರವಾಗಿ ನೆಲಕ್ಕೆ ತಾಗುವುದಿಲ್ಲ, ಕಲ್ಲಿನ ಮೇಲೆ ಕೂರುತ್ತದೆ. ಮರ ನೀರನ್ನು ಅತಿ ವೇಗವಾಗಿ ಹೀರುವುದು ಕೊಯ್ದ ತುದಿಯಿಂದ, ಮಗ್ಗುಲಿಗಿಂತ ಹಲವು ಪಟ್ಟು ಹೆಚ್ಚು. ನೆಲದ ತಂಪು ಆ ತುದಿಗೆ ಸೇರದಂತೆ ಕಲ್ಲು ತಡೆಯುತ್ತದೆ. ಸೂರು ಗೋಡೆಯಿಂದ ಆಚೆಗೆ ಉದ್ದಕ್ಕೆ ಚಾಚಿ ಇಳಿಬಿದ್ದಿರುವುದರಿಂದ ಗಾಳಿಮಳೆಯ ಎರಚಲು ತೊಲೆಯ ತುದಿ ಮುಟ್ಟದು. ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಒಲೆಯ ಹೊಗೆ ಇಡೀ ಮಳೆಗಾಲ ಅಟ್ಟವನ್ನು ಬೆಚ್ಚಗಿಟ್ಟು ಒಣಗಿಸುತ್ತಿತ್ತು. ಮರ ನೆನೆಯುತ್ತಿರಲಿಲ್ಲ ಎಂದಲ್ಲ. ನೆನೆದದ್ದು ಮತ್ತೆ ಒಣಗುತ್ತಿತ್ತು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು 1430ರಲ್ಲಿ ಕಟ್ಟಿದವರೂ ಕೆಳಗೆ ಕಲ್ಲು, ಮೇಲಂತಸ್ತಿಗೆ ಮರ, ಅದರ ಮೇಲೆ ತಾಮ್ರದ ಹೊದಿಕೆ ಎಂದು ಯೋಚಿಸಿದ್ದು ಇದೇ ಮಳೆಯನ್ನು ಕಂಡು. ದೂರದ ನಾರ್ವೆಯವರೂ ಇದೇ ಪಾಠ ಕಲಿತರು. ಅಲ್ಲಿನ ಮೊದಮೊದಲ ಮರದ ಚರ್ಚುಗಳ ಕಂಬಗಳನ್ನು ನೆಲದಲ್ಲಿ ಹೂತಿದ್ದರು, ಅವು ಕೊಳೆತು ಹೋದವು. ಕಲ್ಲಿನ ಮೇಲೆ ಅಡಿತೊಲೆ ಹಾಸಿ ಅದರ ಮೇಲೆ ಕಂಬ ನಿಲ್ಲಿಸಿದ 12ನೇ ಶತಮಾನದ ಚರ್ಚುಗಳು ಈಗಲೂ ನಿಂತಿವೆ.

ಮಲೆನಾಡಿನ ಆ ಹಳೆಯ ಮನೆಗಳಿಗೆ ಈಗ ನಾವು ಮಾಡುತ್ತಿರುವುದು ನೋಡಿದರೆ ಸಂಕಟವಾಗುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟು ಗಿಲಾವು ಬಳಿಯುತ್ತೇವೆ. ಉಸಿರಾಡುತ್ತಿದ್ದ ಗೋಡೆಯಲ್ಲಿ ತೇವ ಸಿಕ್ಕಿಬೀಳುತ್ತದೆ, ಅದರೊಳಗೆ ಹುದುಗಿದ ತೊಲೆಯ ತುದಿ ಅದನ್ನು ಕುಡಿಯುತ್ತದೆ. ಅಟ್ಟದ ಕೆಳಗೆ ಫಾಲ್ಸ್ ಸೀಲಿಂಗ್ ಹೊಡೆಸಿ ಗಾಳಿ ಕಟ್ಟುತ್ತೇವೆ. ಒಲೆಯ ಬದಲು ಗ್ಯಾಸ್ ಬಂದದ್ದು ಹೆಣ್ಣುಮಕ್ಕಳ ಎದೆಗೆ ನೆಮ್ಮದಿ ತಂದಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಟ್ಟ ಒಣಗಿಸುತ್ತಿದ್ದ ಬಿಸಿ ಹೋದ ಮೇಲೆ ಗಾಳಿಯಾಡಲು ಬೇರೆ ದಾರಿ ಮಾಡಬೇಕಿತ್ತು, ಮಾಡಲಿಲ್ಲ. ಆಮೇಲೆ ಪಕಾಸು ಮುರಿದಾಗ ‘ಮರದ ಮನೆ ಇನ್ನು ಸಾಕು’ ಎಂದು ಕೆಡವಿ ತಾರಸಿ ಕಟ್ಟುತ್ತೇವೆ.

ಮುಚ್ಚಿ ಕೆಡಿಸುವ ಈ ಚಾಳಿ ಎಷ್ಟು ದುಬಾರಿ ಎನ್ನುವುದಕ್ಕೆ ನ್ಯೂಜಿಲೆಂಡ್ ಸಾಕ್ಷಿ. 1990ರ ದಶಕದಲ್ಲಿ ಅಲ್ಲಿ ಸೂರೇ ಇಲ್ಲದ, ಗಿಲಾವಿನಿಂದ ಅಂಚುಸಹಿತ ಮುಚ್ಚಿದ ಮನೆಗಳ ಷೋಕಿ ಹಬ್ಬಿತು. ಅದೇ ಹೊತ್ತಿಗೆ ಗೋಡೆಯ ಚೌಕಟ್ಟಿಗೆ ಔಷಧ ಹಾಕದ, ಕಿಲ್ನ್‌ನಲ್ಲಿ ಒಣಗಿಸಿದ ಪೈನ್ ಮರಕ್ಕೂ ಸರ್ಕಾರದ ನಿಯಮ ಒಪ್ಪಿಗೆ ಕೊಟ್ಟಿತು. ಕಿಟಕಿಯ ಅಂಚಿನಲ್ಲಿ ನುಸುಳಿದ ನೀರು ಒಳಗೇ ನಿಂತಿತು. 2009ರ ಅಂದಾಜಿನಂತೆ ಸೋರುವ ಮನೆಗಳ ದುರಸ್ತಿಯ ಹೊರೆ 11.3 ಬಿಲಿಯನ್ ನ್ಯೂಜಿಲೆಂಡ್ ಡಾಲರ್. ಮರ ಒಣಗಿತ್ತು, ಲೆಕ್ಕ ಸರಿಯಿತ್ತು. ಕಟ್ಟಿದ ಮೇಲೆ ಅದು ಮತ್ತೆ ನೆನೆದರೆ ಒಣಗುವುದು ಹೇಗೆಂದು ಯಾರೂ ಯೋಚಿಸಲಿಲ್ಲ.

ಅಂಟಿನಿಂದ ಜೋಡಿಸಿದ ಆಧುನಿಕ ಮರದಲ್ಲಿ ಇನ್ನೊಂದು ಅಪಾಯವಿದೆ, ಈಗ ಅಂಥ ಮರವೇ ಹೆಚ್ಚಾಗಿ ಬರುತ್ತಿರುವುದರಿಂದ ಹೇಳಲೇಬೇಕು. ಜರ್ಮನಿಯ ಬಾಡ್ ರೈಖೆನ್‌ಹಾಲ್‌ನಲ್ಲಿ 2006ರ ಜನವರಿ 2ರಂದು ಹಿಮದ ಮೇಲೆ ಸ್ಕೇಟಿಂಗ್ ಆಡುವ ಅಂಗಣದ ಚಾವಣಿ ಕುಸಿದು 15 ಜನ ಸತ್ತರು, ಹೆಚ್ಚಿನವರು ಮಕ್ಕಳು. ಚಾವಣಿ ಹೊತ್ತಿದ್ದ ಮರದ ಪೆಟ್ಟಿಗೆ ತೊಲೆಗಳನ್ನು ಯೂರಿಯಾ ಅಂಟಿನಿಂದ ಜೋಡಿಸಿದ್ದರು. ಮೂರು ದಶಕಗಳ ತೇವಕ್ಕೆ ಆ ಅಂಟು ಬಲ ಕಳೆದುಕೊಂಡಿತ್ತು. ವಿನ್ಯಾಸದ ದೋಷಗಳೂ ಇದ್ದವು. ಆದರೂ ಮರ ಚೆನ್ನಾಗಿದೆಯೆಂದು ಸುಮ್ಮನಿರುವವರಿಗೆ ಇದು ಎಚ್ಚರಿಕೆ: ನೀರು ಮರವನ್ನು ಬಿಟ್ಟು ಅದರ ಬೆಸುಗೆಯನ್ನೂ ಕೊಲ್ಲಬಹುದು. ಮೊಳೆ, ಬೋಲ್ಟುಗಳ ಕಥೆಯೂ ಅಷ್ಟೇ. ಹಸಿಮರದಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತದೆ, ಸುತ್ತಲ ನಾರೂ ಕಪ್ಪಾಗಿ ಮೆತ್ತಗಾಗುತ್ತದೆ.

ಔಷಧ ಬೇಡವೆಂದಲ್ಲ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿ ಮರ ಕಾಪಾಡುವ, ಮುಂದೆ ಜಗತ್ತಿನೆಲ್ಲೆಡೆ ಹಬ್ಬಿದ ವಿಧಾನವನ್ನು 1930ರ ದಶಕದಲ್ಲಿ ಕಂಡುಹಿಡಿದವರು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ. ಆರ್ಸೆನಿಕ್‌ನ ಭಯದಿಂದ ಹಲವು ದೇಶಗಳು ಈಗ ಮನೆಗಳಲ್ಲಿ ಅದರ ಬಳಕೆ ತಗ್ಗಿಸಿವೆ, ಬೋರಾನ್ ಮತ್ತು ತಾಮ್ರ ಆಧಾರಿತ ಬೇರೆ ಔಷಧಗಳು ಬಂದಿವೆ. ಆದರೆ ಯಾವ ಔಷಧವೂ ನೆನೆದ ಮರದ ಕಳೆದ ಬಲವನ್ನು ಮರಳಿ ಕೊಡದು. ಬೋರಾನ್ ಅಂತೂ ನೀರು ಹರಿಯುವ ಕಡೆ ತೊಳೆದುಹೋಗುತ್ತದೆ.

ನಮ್ಮ ರಾಜ್ಯಕ್ಕೆ ಇನ್ನೊಂದು ತೊಡಕಿದೆ. ಮರದ ತೇವ ಸುತ್ತಲ ಗಾಳಿಗೆ ತಕ್ಕಂತೆ ಏರಿಳಿಯುತ್ತದೆ. ಗಾಳಿಯ ಆರ್ದ್ರತೆ ಶೇ 90 ಇರುವ ಆಷಾಢದ ಕರಾವಳಿಯಲ್ಲಿ ಅದು ಶೇ 20ರತ್ತ ಹೋಗುತ್ತದೆ. ಆರ್ದ್ರತೆ ಶೇ 30ಕ್ಕಿಳಿಯುವ ಕಲಬುರಗಿಯ ಏಪ್ರಿಲ್‌ನಲ್ಲಿ ಶೇ 6ರ ಸುತ್ತ ನಿಲ್ಲುತ್ತದೆ. ಮಂಗಳೂರಿನ ಸಾಮಿಲ್ಲಿನಲ್ಲಿ ಕೊಯ್ದ, ಒಂದಡಿ ಅಗಲದ ತೇಗದ ಹಲಗೆ ಬಯಲುಸೀಮೆಗೆ ಹೋಗಿ ಶೇ 18ರಿಂದ 8ಕ್ಕೆ ಒಣಗಿದರೆ ಐದಾರು ಮಿಲಿಮೀಟರ್ ಕುಗ್ಗುತ್ತದೆ. ತೇಗಕ್ಕಿಂತ ಹೆಚ್ಚು ಕುಗ್ಗುವ ಜಾತಿಗಳಲ್ಲಿ ಕೀಲು ಸಡಿಲವಾಗುತ್ತದೆ, ಬಿರುಕು ಬೀಳುತ್ತದೆ, ಆ ಬಿರುಕೇ ಮುಂದಿನ ಮಳೆಗೆ ನೀರಿನ ದಾರಿ. ಈ ಕಾರಣಕ್ಕೇ ಐಎಸ್ 287 ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ತೊಲೆ ಪಕಾಸುಗಳಿಗೆ ಅತಿ ಒಣ ವಲಯದಲ್ಲಿ ಶೇ 12, ಅತಿ ತೇವದ ವಲಯದಲ್ಲಿ ಶೇ 20 ಎಂದು ಮಿತಿ ಹಾಕಿದೆ.

ಮಾನಕ ಪುಸ್ತಕದಲ್ಲಿದೆ, ಮರ ಇಳಿಸುವ ಜಾಗದಲ್ಲಿ ಇಲ್ಲ. ಎರಡು ಸೂಜಿಗಳ ತೇವಮಾಪಕ ಅಂಗೈಯಲ್ಲಿ ಹಿಡಿಯುವಂಥದ್ದು, ಬೆಲೆ ಕೆಲವೇ ಸಾವಿರ ರೂಪಾಯಿ. ಹಲಗೆಗೆ ಚುಚ್ಚಿದರೆ ಅಂಕಿ ಕಾಣುತ್ತದೆ. ಲೋಕೋಪಯೋಗಿ ಇಲಾಖೆ ಮರದ ಕೆಲಸದ ಪ್ರತಿ ಟೆಂಡರಿನಲ್ಲೂ ಈ ಅಂಕಿಯನ್ನು ಬರೆದು, ಲಾರಿ ಇಳಿಸುವಾಗ ಅಳೆದು, ಅಳತೆ ಪುಸ್ತಕದಲ್ಲಿ ದಾಖಲಿಸಬೇಕು. ಮಿತಿ ಮೀರಿದ್ದನ್ನು ಹಿಂದಕ್ಕೆ ಕಳಿಸಬೇಕು. ಇದಕ್ಕೆ ಹೊಸ ಕಾನೂನು ಬೇಡ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರದ ಮರ ವಿಜ್ಞಾನ ಸಂಸ್ಥೆಯೇ ಇದೆ. ಜಿಲ್ಲೆಯ ಎಂಜಿನಿಯರುಗಳಿಗೂ ಆಚಾರಿಗಳಿಗೂ ತರಬೇತಿ ಕೊಡಿಸಲು ಪರವೂರಿಗೆ ಹೋಗಬೇಕಾಗಿಲ್ಲ. ಹಳೆಯ ಮರಗೆಲಸದ ದುರಸ್ತಿಗೆ ಹಣ ಮಂಜೂರು ಮಾಡುವ ಇಲಾಖೆಗಳು ಬಣ್ಣಕ್ಕೆ ಮುಂಚೆ ಸೂರಿನ ದೋಣಿಗೆ, ಒಡೆದ ಹಂಚಿಗೆ, ತೊಲೆಯ ತುದಿಗೆ ಗಾಳಿ ಬಿಡುವ ಸಂದಿಗೆ ದುಡ್ಡು ಇಡಬೇಕು.

ಎಲ್ಲಕ್ಕಿಂತ ತುರ್ತಾದದ್ದು ಹೋಂಸ್ಟೇ ಮತ್ತು ರೆಸಾರ್ಟುಗಳ ಕಣಿವೆಗೆ ಚಾಚಿದ ಜಗಲಿ, ಮೆಟ್ಟಿಲು, ತೂಗುಸೇತುವೆ. ಬರ್ಕ್ಲಿಯ ಸಾವುಗಳ ನಂತರ ಕ್ಯಾಲಿಫೋರ್ನಿಯಾ 2018ರಲ್ಲಿ ಕಾನೂನು ತಂದು, ಬಾಡಿಗೆ ವಸತಿ ಕಟ್ಟಡಗಳ ಬಾಲ್ಕನಿಯಂಥ ಹೊರಚಾಚುಗಳನ್ನು ಆರು ವರ್ಷಕ್ಕೊಮ್ಮೆ ಪರಿಣತರಿಂದ ತಪಾಸಣೆ ಮಾಡಿಸುವುದನ್ನು ಕಡ್ಡಾಯಗೊಳಿಸಿತು. ಅಲ್ಲಿಗಿಂತ ಎಷ್ಟೋ ಪಟ್ಟು ಮಳೆ ಬೀಳುವ ನಮ್ಮಲ್ಲಿ ಆರು ವರ್ಷ ಕಾಯುವಂತಿಲ್ಲ. ಹೋಂಸ್ಟೇ ನೋಂದಣಿ ನವೀಕರಿಸುವಾಗ ಪ್ರವಾಸೋದ್ಯಮ ಇಲಾಖೆ ಮರದ ಜಗಲಿಯ ತಪಾಸಣಾ ವರದಿ ಕೇಳಲಿ. ತೊಲೆ ಗೋಡೆಗೆ ಸೇರುವ ಜಾಗವನ್ನು ತೆರೆದು ನೋಡಿ, ಚಾಕು ಚುಚ್ಚಿ, ತೇವ ಅಳೆದು ಬರೆದ ವರದಿ ಅದಾಗಿರಲಿ. ಮಳೆ ನಿಂತು ದಸರೆಯ ಜನಸಂದಣಿ ಶುರುವಾಗುವ ಮೊದಲಿನ ವಾರಗಳೇ ಇದಕ್ಕೆ ಸರಿಯಾದ ಕಾಲ, ಮರ ಅತಿ ಹೆಚ್ಚು ನೆನೆದಿರುವುದು ಆಗ, ಅದರ ಮೇಲೆ ಅತಿ ಹೆಚ್ಚು ಜನ ನಿಲ್ಲುವುದೂ ಆಗಲೇ.