ವಿಮಾನದ ಕಿವಿ ಎಲ್ಲಿರಬೇಕು?

ಟಿ.ವಿ. ಹೊಸದಾಗಿ ಬಂದ ಕಾಲದಲ್ಲಿ ಮನೆಯ ಮಾಡಿನ ಮೇಲೆ ನಡೆಯುತ್ತಿದ್ದ ನಾಟಕ ಅಪ್ಪ-ಅಮ್ಮಂದಿರಿಗೆ ನೆನಪಿರಬೇಕು. ಅಪ್ಪ ಮೇಲೆ ಹತ್ತಿ ಆಂಟೆನಾದ ಕಂಬ ತಿರುಗಿಸುತ್ತಾ 'ಈಗ ಬಂತೇನೋ?' ಎಂದು ಕೂಗುವುದು, ಮಗ ಕೆಳಗಿನಿಂದ 'ಇಲ್ಲಪ್ಪಾ, ಬರೀ ಚುಕ್ಕೆ' ಎನ್ನುವುದು. ಎಷ್ಟು ತಿರುಗಿಸಿದರೂ ಚಿತ್ರ ಬಾರದಿದ್ದರೆ ಆಗುತ್ತಿದ್ದ ನಷ್ಟ ಆ ವಾರದ ಚಿತ್ರಮಂಜರಿ, ಅಷ್ಟೆ.

ಅದೇ ಆಂಟೆನಾ ವಿಮಾನದ್ದಾದರೆ? ಮೂರು ಸಾವಿರ ಅಡಿ ಎತ್ತರದಲ್ಲಿ ಮೋಡ ಕವಿದಾಗ, ಕೆಳಗಿನ ನಿಲ್ದಾಣದ ದನಿ ಕೇಳದೆ ಹೋದಾಗ, ತಿರುಗಿಸಲು ಯಾರನ್ನು ಹತ್ತಿಸುವುದು?

ಇದು ಕಾಲ್ಪನಿಕ ಪ್ರಶ್ನೆಯಲ್ಲ. ಅಮೆರಿಕದಲ್ಲಿ ತಮ್ಮ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳು ಸಾವಿರಾರು ಮಂದಿ ಇದ್ದಾರೆ. ನಕ್ಷೆಯನ್ನೋ ಬಿಡಿಭಾಗಗಳ ಕಿಟ್ಟನ್ನೋ ಕೊಂಡು, ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಹವ್ಯಾಸಿಗಳೇ ಕೈಯಾರೆ ಮಾಡಬೇಕೆಂಬುದು ಅಲ್ಲಿನ ನಿಯಮ. 'ಆರ್‌ವಿ' ಎಂಬ ಒಂದೇ ಹೆಸರಿನ ಅಲ್ಯೂಮಿನಿಯಂ ವಿಮಾನಗಳೇ ಹೀಗೆ ಹತ್ತು ಸಾವಿರಕ್ಕೂ ಹೆಚ್ಚು ಹಾರಿವೆ. ಎಂಜಿನ್, ರೆಕ್ಕೆ, ಚಕ್ರಗಳ ಬಗ್ಗೆ ತಿಂಗಳುಗಟ್ಟಲೆ ಯೋಚಿಸುವ ಈ ಹವ್ಯಾಸಿಗಳಲ್ಲಿ ಕೆಲವರು ಆಂಟೆನಾದ ವಿಷಯ ಬಂದಾಗ 'ಕೊನೆಯಲ್ಲಿ ಎಲ್ಲಾದರೂ ಸಿಕ್ಕಿಸಿದರಾಯಿತು' ಎಂದುಕೊಳ್ಳುತ್ತಾರೆ. ತಪ್ಪುವುದು ಅಲ್ಲೇ. ಆಂಟೆನಾ ಎಂದರೆ ಹೊರಗೆ ಕಾಣುವ ಕಡ್ಡಿ ಮಾತ್ರವಲ್ಲ. ಅದರ ಇನ್ನರ್ಧ ವಿಮಾನದ ಮೈಯೇ.

ಮೊದಲು ಒಂದು ಸಣ್ಣ ಲೆಕ್ಕ. ರೇಡಿಯೋ ಅಲೆಯ ಉದ್ದವನ್ನು ಮೀಟರುಗಳಲ್ಲಿ ತಿಳಿಯಲು 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಸಾಕು. ಪೈಲಟ್ಟು ನಿಲ್ದಾಣದೊಂದಿಗೆ ಮಾತಾಡುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ. ಮಧ್ಯದ 127ನ್ನು ತೆಗೆದುಕೊಳ್ಳಿ. 300 ಭಾಗಿಸು 127, ಅಂದರೆ ಸುಮಾರು 2.36 ಮೀಟರ್. ಅದರ ಕಾಲು ಭಾಗ 59 ಸೆಂಟಿಮೀಟರ್. ಮಾತಿನ ರೇಡಿಯೋದ ಕಡ್ಡಿ ಇರಬೇಕಾದ ಉದ್ದ ಹೆಚ್ಚುಕಡಿಮೆ ಇಷ್ಟೆ. ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿದ ಸೂತ್ರ ಇಲ್ಲಿ ಅಳತೆಪಟ್ಟಿಯಾಗಿ ಕೈಗೆ ಬರುತ್ತದೆ.

ಆದರೆ ಕಾಲು ಭಾಗದ ಕಡ್ಡಿ ಒಂಟಿಯಾಗಿ ಕೆಲಸ ಮಾಡದು. ಅದರ ಬುಡದಲ್ಲಿ ಲೋಹದ ಹಾಳೆ ಇರಬೇಕು. ಕನ್ನಡಿಯ ಮೇಲೆ ಪೆನ್ಸಿಲ್ ನಿಲ್ಲಿಸಿದರೆ ಕೆಳಗೊಂದು ಪೆನ್ಸಿಲ್ ಕಾಣುವುದಿಲ್ಲವೆ? ಹಾಗೆಯೇ ಲೋಹದ ಹಾಳೆ ಕಡ್ಡಿಯ ಇನ್ನರ್ಧವನ್ನು ಒದಗಿಸುತ್ತದೆ. ಅಲ್ಯೂಮಿನಿಯಂ ವಿಮಾನಕ್ಕೆ ಈ ಕನ್ನಡಿ ಪುಕ್ಕಟೆ. ಮರ ಮತ್ತು ಬಟ್ಟೆಯ ವಿಮಾನಕ್ಕೆ ಆ ಭಾಗ್ಯವಿಲ್ಲ. ಅದನ್ನು ಕಟ್ಟುವವರು ಕಡ್ಡಿಯ ಬುಡದಿಂದ ನಾಲ್ಕು ದಿಕ್ಕಿಗೆ ಅಷ್ಟೇ ಉದ್ದದ ಲೋಹದ ಪಟ್ಟಿಗಳನ್ನು ಒಳಗಿನಿಂದ ಹಾಸುತ್ತಾರೆ.

ಇನ್ನೊಂದು ದಾರಿಯಿದೆ. ಅಮೆರಿಕದ ವಿನ್ಯಾಸಕಾರ ಬರ್ಟ್ ರುಟಾನ್ 1970ರ ದಶಕದಲ್ಲಿ ನೊರೆಯಂಥ ಹಗುರ ಹಲಗೆಗೆ ಗಾಜಿನ ನಾರಿನ ಬಟ್ಟೆ ಸುತ್ತಿ, ರಾಳ ಬಳಿದು ವಿಮಾನ ಕಟ್ಟುವ ವಿಧಾನವನ್ನು ಹವ್ಯಾಸಿಗಳಿಗೆ ತೋರಿಸಿದರು. ಅವರ 'ಲಾಂಗ್-ಈಝೀ' ವಿಮಾನ ಹೆಸರುವಾಸಿ. ನಮ್ಮ ಬೆಂಗಳೂರಿನ ಎನ್.ಎ.ಎಲ್. ಕೂಡ ಅದನ್ನೇ ಆಧರಿಸಿದ ಪುಟ್ಟ ಸಂಶೋಧನಾ ವಿಮಾನವೊಂದನ್ನು ಕಟ್ಟಿ 1987ರಲ್ಲಿ ಹಾರಿಸಿತ್ತು. ಗಾಜಿನ ನಾರು ರೇಡಿಯೋ ಅಲೆಗಳಿಗೆ ಕಿಟಕಿ ಇದ್ದಂತೆ, ಅವು ಸಲೀಸಾಗಿ ಹಾದುಹೋಗುತ್ತವೆ. ಹಾಗಾಗಿ ಹೊರಗೆ ಕಡ್ಡಿಯೇ ಬೇಡ. ತಾಮ್ರದ ತೆಳು ಪಟ್ಟಿಗಳೆರಡನ್ನು ಎದುರುಬದುರಾಗಿ ಅಂಟಿಸಿ, ಮೇಲೆ ಗಾಜಿನ ಬಟ್ಟೆ ಹೊದಿಸಿದರಾಯಿತು. ಎರಡು ತೋಳಿನ ಈ ಆಂಟೆನಾಕ್ಕೆ ಕನ್ನಡಿಯ ಹಂಗಿಲ್ಲ, ಗಾಳಿಯ ತಡೆಯೂ ಇಲ್ಲ.

ಅದನ್ನು ಅಂಟಿಸುವ ಜಾಗ ನೋಡಿ. ಮಾತಿನ ರೇಡಿಯೋದ ಅಲೆ ನೆಟ್ಟಗೆ ನಿಂತ ಅಲೆ, ಅದಕ್ಕೆ ನಿಂತ ಆಂಟೆನಾ ಬೇಕು. ಲಾಂಗ್-ಈಝೀಯ ರೆಕ್ಕೆಯ ತುದಿ ಮೇಲಕ್ಕೆ ಎದ್ದು ನಿಂತಿರುವುದರಿಂದ ಅದಕ್ಕೆ ಅಲ್ಲೇ ಜಾಗ. ದಾರಿ ತೋರಿಸುವ 'ವಿ.ಓ.ಆರ್.' ಕೇಂದ್ರಗಳ ಅಲೆ ಅಡ್ಡ ಮಲಗಿದ ಅಲೆ. ಅದಕ್ಕೆ ಮಲಗಿರುವ ರೆಕ್ಕೆಯೇ ಸರಿ.

ಆದರೆ ಎಚ್ಚರ! ಕಾರ್ಬನ್ ನಾರು ನೋಡಲು ಗಾಜಿನ ನಾರಿನ ಅಣ್ಣನಂತಿದ್ದರೂ ಗುಣದಲ್ಲಿ ಲೋಹದ ನೆಂಟ. ವಿದ್ಯುತ್ತನ್ನು ಹರಿಯಬಿಡುತ್ತದೆ, ರೇಡಿಯೋ ಅಲೆಗಳನ್ನು ತಡೆಯುತ್ತದೆ. ಕಾರ್ಬನ್ ಮೈಯೊಳಗೆ ಆಂಟೆನಾ ಬಚ್ಚಿಟ್ಟರೆ ಕಬ್ಬಿಣದ ಪೆಟ್ಟಿಗೆಯಲ್ಲಿ ಕೂತು ಕೂಗಿದಂತೆ. ಲೋಹದ ಪುಡಿ ಬೆರೆತ ಬಣ್ಣವೂ ತೊಂದರೆ ಕೊಡಬಲ್ಲದು. ಬಟ್ಟೆ ಹೊದಿಸಿ ರಾಳ ಒಣಗಿದ ಮೇಲೆ ಒಳಗಿನ ತಾಮ್ರವನ್ನು ಸರಿಪಡಿಸುವಂತಿಲ್ಲ, ರೆಕ್ಕೆಯನ್ನೇ ಕೊಯ್ಯಬೇಕು. ಅದಕ್ಕೇ ಜಾಣರು ಮುಚ್ಚುವ ಮೊದಲೇ ಮೀಟರು ಹಚ್ಚಿ, ಕಳಿಸಿದ ಶಕ್ತಿಯಲ್ಲಿ ಎಷ್ಟು ಪಾಲು ಹೊರಹೋಗದೆ ಮರಳಿ ಬಂತೆಂದು ಅಳೆಯುತ್ತಾರೆ.

ಉಳಿದ ಆಂಟೆನಾಗಳಿಗೂ ಅವುಗಳದೇ ಜಾಗ. ಉಪಗ್ರಹಗಳನ್ನು ಆಲಿಸುವ ಜಿ.ಪಿ.ಎಸ್.ಗೆ ಆಕಾಶ ಕಾಣಬೇಕು, ಅದು ಬೆನ್ನ ಮೇಲೆ. ನೆಲದ ರೇಡಾರಿಗೆ 1090 ಮೆಗಾಹರ್ಟ್ಸ್‌ನಲ್ಲಿ ಉತ್ತರಿಸುವ ಟ್ರಾನ್ಸ್‌ಪಾಂಡರ್‌ಗೆ ನೆಲ ಕಾಣಬೇಕು, ಅದು ಹೊಟ್ಟೆಯ ಕೆಳಗೆ. ಮೇಲಿನ ಸೂತ್ರ ಹಾಕಿ ನೋಡಿ, ಅದರ ಕಡ್ಡಿ ಬರೀ 7 ಸೆಂಟಿಮೀಟರ್!

ಕೊನೆಯದು ಎಂದೂ ಬಳಕೆಗೆ ಬಾರದಿರಲಿ ಎಂದು ಹಾರೈಸಿಕೊಂಡೇ ಕೂರಿಸುವ ಆಂಟೆನಾ. ವಿಮಾನ ನೆಲಕ್ಕಪ್ಪಳಿಸಿದಾಗ ತಾನಾಗಿ 'ಇಲ್ಲಿದ್ದೇನೆ' ಎಂದು ಕೂಗುವ ಪೆಟ್ಟಿಗೆಯದು. ಹಿಂದೆ ಇದು 121.5 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತಿತ್ತು. 2009ರ ಫೆಬ್ರವರಿಯಿಂದ ಉಪಗ್ರಹಗಳು 406 ಮೆಗಾಹರ್ಟ್ಸ್‌ನ ಕೂಗನ್ನಷ್ಟೇ ಆಲಿಸುತ್ತಿವೆ. ಪೆಟ್ಟಿಗೆ ಒಂದು ಕಡೆ, ಆಂಟೆನಾ ಇನ್ನೊಂದು ಕಡೆ ಇಟ್ಟರೆ ಹೊಡೆತಕ್ಕೆ ನಡುವಿನ ಕೇಬಲ್ ಹರಿದು ದನಿ ಅಡಗುತ್ತದೆ. ಎರಡನ್ನೂ ಬಾಲದ ಕಡೆ ಅಕ್ಕಪಕ್ಕ ಇಡುವುದು ಇದಕ್ಕೇ. ರುಟಾನ್ ವಿನ್ಯಾಸದ ವಿಮಾನದಲ್ಲಿ 2005ರಲ್ಲಿ ಒಬ್ಬರೇ ಎಲ್ಲೂ ಇಳಿಯದೆ ಭೂಮಿ ಸುತ್ತಿ ಬಂದ ಸ್ಟೀವ್ ಫಾಸೆಟ್, 2007ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಯಲ್ಲೇ ತಯಾರಾದ ಪುಟ್ಟ ವಿಮಾನವೊಂದರಲ್ಲಿ ನೆವಾಡದಿಂದ ಹೊರಟು ಕಾಣೆಯಾದರು. ಪೆಟ್ಟಿಗೆಯ ಕೂಗು ಯಾರಿಗೂ ಕೇಳಿಸಲಿಲ್ಲ. ಅವಶೇಷ ಸಿಕ್ಕಿದ್ದು ವರ್ಷದ ಮೇಲೆ, 2008ರ ಅಕ್ಟೋಬರಿನಲ್ಲಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಪುಟ್ಟ ಎಫ್.ಎಂ. ರೇಡಿಯೋ ಹಾಡುತ್ತಿರುವಾಗ ಕಡ್ಡಿಯನ್ನು ಒಮ್ಮೆ ನಿಲ್ಲಿಸಿ, ಒಮ್ಮೆ ಮಲಗಿಸಿ ಕೇಳಿ. ನಂತರ ಕಡ್ಡಿ ಮಡಚಿ, ಮೊದಲು ಪ್ಲಾಸ್ಟಿಕ್ ಡಬ್ಬಿಯೊಳಗೆ, ಆಮೇಲೆ ಸ್ಟೀಲ್ ಡಬ್ಬಿಯೊಳಗೆ ಇಟ್ಟು ಮುಚ್ಚಳವನ್ನು ಅರೆಮುಚ್ಚಿ. ಗಾಜಿನ ನಾರು ಯಾವುದು, ಕಾರ್ಬನ್ ನಾರು ಯಾವುದು ಎಂಬುದು ನಿಮ್ಮ ಕಿವಿಗೇ ತಿಳಿಯುತ್ತದೆ. ಎಫ್.ಎಂ. ಸುಮಾರು 100 ಮೆಗಾಹರ್ಟ್ಸ್. ಹಾಗಾದರೆ ಅದರ ಕಡ್ಡಿ ಎಷ್ಟು ಉದ್ದವಿರಬೇಕು? ಉತ್ತರ ಇಲ್ಲಿ ಕೊಡುವುದಿಲ್ಲ. ಅಪ್ಪನ ಜೊತೆ ಕೂತು ಲೆಕ್ಕ ಹಾಕಿ. ಮಾಡು ಹತ್ತಿದ ಅನುಭವ ಅವರಿಗಿದ್ದೀತು, ಸೂತ್ರ ಈಗ ನಿಮ್ಮ ಬಳಿ ಇದೆ.