ಬಿಡುವಿಗೂ ಬೆಲೆಯಿದೆ

ಮಕ್ಕಳನ್ನು ನೋಡಲೆಂದು ಬ್ರಿಟನ್ನಿಗೆ ಹೋಗುವ ನಮ್ಮ ನಿವೃತ್ತ ದಂಪತಿಗಳು ಅಲ್ಲಿನ ರೈಲು ದರವನ್ನು ರೂಪಾಯಿಯ ಲೆಕ್ಕದಲ್ಲಿ ನೋಡಿ ಬೆಚ್ಚುವುದು ಸಹಜ. ಈಗಷ್ಟೇ ಸಂಸಾರ ಹೂಡಿರುವ ಮಗನಿಗೋ ಮಗಳಿಗೋ ಹೊರೆಯಾಗಬಾರದೆಂದು ಎಷ್ಟೋ ಮಂದಿ ವಾರಗಟ್ಟಲೆ ಮನೆಯಲ್ಲೇ ಕುಳಿತು ಮರಳುವುದನ್ನು ಕಂಡಿದ್ದೇನೆ. ಆದರೆ ಅಲ್ಲಿನ ರೈಲುಗಳು ಕಡಿಮೆ ದರಕ್ಕೆ ಕರೆದೊಯ್ಯಲು ಬಯಸುವುದು ಇಂಥವರನ್ನೇ.

ನಮ್ಮಲ್ಲಿ ಬಹುಪಾಲು ರೈಲುಗಳ ದರ ದೂರವನ್ನೂ ದರ್ಜೆಯನ್ನೂ ಅವಲಂಬಿಸಿದೆ. ಬ್ರಿಟನ್ನಿನಲ್ಲಾದರೋ ಅಕ್ಕಪಕ್ಕ ಕುಳಿತ ಇಬ್ಬರು ತೆತ್ತ ಹಣದಲ್ಲಿ ಅಜಗಜಾಂತರವಿರಬಹುದು. ಅರ್ಥಶಾಸ್ತ್ರದಲ್ಲಿ ಇದನ್ನು ಬೆಲೆ ತಾರತಮ್ಯ ಎನ್ನುತ್ತೇವೆ. ಬೆಳಿಗ್ಗೆ ಕಚೇರಿಗೆ ಧಾವಿಸುವವನಿಗೆ ಅನ್ಯಮಾರ್ಗವಿಲ್ಲ. ಅವನು ಪೂರ್ಣ ದರ ತೆರುತ್ತಾನೆ. ಬಿಡುವುಳ್ಳವರನ್ನು ಖಾಲಿ ಆಸನಗಳತ್ತ ಸೆಳೆಯಲು ದರ ಇಳಿಸಲಾಗುತ್ತದೆ.

ಅಲ್ಲಿನ ಟಿಕೆಟ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. 'ಎನಿಟೈಮ್' ದುಬಾರಿ, ಯಾವ ಹೊತ್ತಿಗೂ ಸಲ್ಲುತ್ತದೆ. 'ಆಫ್-ಪೀಕ್' ಕಚೇರಿ ಸಮಯದ ದಟ್ಟಣೆ ಮುಗಿದ ಮೇಲಿನದು. ಸುಮಾರು 12 ವಾರ ಮೊದಲಿನಿಂದ ದೊರೆಯುವ 'ಅಡ್ವಾನ್ಸ್' ಸಾಮಾನ್ಯವಾಗಿ ಎಲ್ಲಕ್ಕಿಂತ ಅಗ್ಗ. ಆದರೆ ಅದು ನಿಗದಿಯಾದ ರೈಲಿಗೆ ಮಾತ್ರ ಅನ್ವಯಿಸುತ್ತದೆ. ಆದ್ದರಿಂದ ವಿಮಾನದಿಂದ ಇಳಿಯುವ ದಿನಕ್ಕೆ ಅದನ್ನು ಕೊಳ್ಳುವುದು ಜಾಣತನವಲ್ಲ. ವಿಮಾನ ತಡವಾದರೆ ಹಣ ನೀರುಪಾಲು. ರೈಲು ಕಂಪನಿಗಳ ಸ್ವಂತ ಜಾಲತಾಣಗಳಲ್ಲೇ ಕೊಂಡರೆ ಮಧ್ಯವರ್ತಿಗಳ ಶುಲ್ಕವೂ ಉಳಿಯುತ್ತದೆ.

ಇದರ ಜೊತೆಗೆ, 60 ದಾಟಿದವರಿಗೆ 'ಸೀನಿಯರ್ ರೈಲ್‌ಕಾರ್ಡ್' ಇದೆ. 2025ರ ದರದಂತೆ ವರ್ಷಕ್ಕೆ 35 ಪೌಂಡ್. ಬಹುತೇಕ ಟಿಕೆಟ್‌ಗಳ ಮೇಲೆ ಮೂರನೇ ಒಂದು ಭಾಗ ರಿಯಾಯಿತಿ. ಇದನ್ನು ಪಡೆಯಲು ಆ ದೇಶದ ನಿವಾಸಿಯಾಗಿರಬೇಕಿಲ್ಲ. ವಯಸ್ಸಿನ ಪುರಾವೆಗೆ ಪಾಸ್‌ಪೋರ್ಟ್ ಸಾಕು. ಒಟ್ಟು ಪ್ರಯಾಣದ ಮೂಲ ದರ 105 ಪೌಂಡ್ ಮುಟ್ಟಿದರೆ ಕಾರ್ಡಿನ ಹಣ ಹುಟ್ಟಿತು, ಅನಂತರದ್ದೆಲ್ಲ ಉಳಿತಾಯ. ಸದಾ ಜೊತೆಯಾಗಿಯೇ ಸಂಚರಿಸುವ ದಂಪತಿಗೆ ಅದೇ ಬೆಲೆಯ 'ಟೂ ಟುಗೆದರ್' ಕಾರ್ಡ್ ಒಂದೇ ಸಾಕು. ಆದರೆ ಅದು ವಾರದ ದಿನಗಳಲ್ಲಿ ಬೆಳಿಗ್ಗೆ 9.30ರ ಮೊದಲು ಸಲ್ಲದು.

ಅನಿವಾಸಿಗಳಿಗೆಂದೇ ಇರುವ 'ಬ್ರಿಟ್‌ರೈಲ್' ಪಾಸ್ ಆಕರ್ಷಕವಾಗಿ ಕಾಣುತ್ತದೆ. ಮೊದಲು ಹೋಗಬೇಕಾದ ಊರುಗಳನ್ನು ಪಟ್ಟಿ ಮಾಡಿ, ಬಿಡಿ ಟಿಕೆಟ್‌ಗಳ ಮೊತ್ತವನ್ನು ಕೂಡಿಸಿ, ಬಳಿಕ ಪಾಸ್‌ನ ಬೆಲೆಯೊಡನೆ ಹೋಲಿಸಬೇಕು. ಪಾಸ್ ಕೊಂಡ ತಪ್ಪಿಗೆ ದಿನವೂ ಸುತ್ತುವುದು ಉಳಿತಾಯವಲ್ಲ, ದಣಿವು.

ಪರದೇಶದ ವೃದ್ಧನಿಗೂ ಸಿಗುವ ಈ ಸೌಲಭ್ಯವನ್ನು ಕಂಡಾಗ ನಮ್ಮ ರೈಲ್ವೆ ನೆನಪಾಗದಿರದು. ಇಲ್ಲಿ 60 ತುಂಬಿದ ಪುರುಷರಿಗೆ ಶೇ 40, 58 ತುಂಬಿದ ಮಹಿಳೆಯರಿಗೆ ಶೇ 50ರಷ್ಟಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ಕೋವಿಡ್ ನೆಪದಲ್ಲಿ ನಿಂತಿತು. ಐದು ವರ್ಷ ಕಳೆದರೂ ಮರಳಲಿಲ್ಲ. ಎಲ್ಲ ಪ್ರಯಾಣಿಕರಿಗೂ ಸಬ್ಸಿಡಿ ಸಲ್ಲುತ್ತಲೇ ಇದೆ ಎಂಬುದು ಸರ್ಕಾರದ ಸಮಜಾಯಿಷಿ. ಅದರಲ್ಲಿ ಹುರುಳಿಲ್ಲವೆನ್ನಲಾರೆ, ಹಳೆಯ ರಿಯಾಯಿತಿಯನ್ನು ಯಥಾವತ್ತಾಗಿ ಮರಳಿಸಿ ಎಂದೂ ಕೇಳುತ್ತಿಲ್ಲ. ಹಬ್ಬದ ದಿನಗಳನ್ನು ಬಿಟ್ಟು, ಆಸನ ಉಳಿಯುವ ರೈಲುಗಳಲ್ಲಿ, ವಾರ್ಷಿಕ ಶುಲ್ಕ ತೆತ್ತು ಕಾರ್ಡ್ ಪಡೆದ ಹಿರಿಯರಿಗೆ ದರ ಇಳಿಸಿದರೆ ಬೊಕ್ಕಸಕ್ಕೆ ಆಗುವ ನಷ್ಟವಾದರೂ ಏನು? ಖಾಲಿ ಓಡಿದ ಆಸನದಿಂದ ರೈಲ್ವೆಗೆ ಬಿಡಿಗಾಸೂ ಹುಟ್ಟದು.