ಹೆಬ್ಬೆಟ್ಟಿನ ಮತಕ್ಕೂ ಅಷ್ಟೇ ತೂಕ



“ಓದುಬರಹ ಬಾರದವರಿಗೆ ಓಟು ಯಾಕೆ?” ಈ ಮಾತು ಹೋಟೆಲಿನಲ್ಲಿ, ಬಸ್ಸಿನಲ್ಲಿ ಈಗಲೂ ಕಿವಿಗೆ ಬೀಳುತ್ತದೆ. ಹಾಗೆ ಕೇಳುವವರು ಕೆರಿಬಿಯನ್ ಕಡಲಿನ ಪೋರ್ಟೊರಿಕೊ ದ್ವೀಪದ ಆನಾ ರೋಕೆ ಅವರ ಕಥೆ ಕೇಳಲಿ.

ಆನಾ ಹುಟ್ಟಿದ್ದು 1853ರಲ್ಲಿ. ಹದಿಮೂರನೇ ವಯಸ್ಸಿಗೇ ಮನೆಯಲ್ಲಿ ಶಾಲೆ ನಡೆಸಿದ ಹುಡುಗಿ. ಮುಂದೆ ಭೂಗೋಳದ ಪಠ್ಯ ಬರೆದರು, ದ್ವೀಪದ ಗಿಡಮರಗಳನ್ನು ಅಭ್ಯಾಸ ಮಾಡಿದರು, 1894ರಲ್ಲಿ ಹೆಂಗಸರಿಗಾಗಿ ‘ಲಾ ಮುಹೇರ್’ ಪತ್ರಿಕೆ ಹೊರಡಿಸಿದರು. 1917ರಲ್ಲಿ, 64ರ ವಯಸ್ಸಿನಲ್ಲಿ, ಮಹಿಳಾ ಸಂಘ ಕಟ್ಟಿ ಮತದ ಹಕ್ಕಿಗೆ ಹೋರಾಟಕ್ಕಿಳಿದರು.

ಆದರೆ ಆ ಟೀಚರಮ್ಮ ಕೇಳಿದ್ದು ಅಕ್ಷರ ಬಲ್ಲ ಹೆಂಗಸರಿಗೆ ಮಾತ್ರ ಹಕ್ಕು. ಅಲ್ಲಿ ಅಕ್ಷರ ಬಾರದ ಗಂಡಸರಿಗೂ ಮತವಿತ್ತು! ಹೊಗೆಸೊಪ್ಪಿನ ಕಾರ್ಖಾನೆಯ ಹೆಂಗಸರು ಇದನ್ನು ಒಪ್ಪಲಿಲ್ಲ. ಆ ಕಾರ್ಖಾನೆಗಳಲ್ಲಿ ಒಬ್ಬರು ಪತ್ರಿಕೆ, ಪುಸ್ತಕ ಗಟ್ಟಿಯಾಗಿ ಓದುತ್ತಿದ್ದರು. ಉಳಿದವರು ಚುಟ್ಟಾ ಸುತ್ತುತ್ತಲೇ ಕೇಳುತ್ತಿದ್ದರು. ಅಕ್ಷರ ಬಾರದಿದ್ದರೂ ಲೋಕದ ಸುದ್ದಿ ಗೊತ್ತಿತ್ತು. 1920ರಲ್ಲಿ ಮತದಾರಳಾಗಿ ಹೆಸರು ಬರೆಸಲು ಹೋಗಿ ಬರಿಗೈಲಿ ವಾಪಸಾದ ಹೆನಾರಾ ಪಗಾನ್ ಹೊಗೆಸೊಪ್ಪಿನ ಕಾರ್ಮಿಕರಲ್ಲೊಬ್ಬರು.

1929ರ ಕಾನೂನು ಓದುಬರಹ ಬಲ್ಲ ಹೆಂಗಸರಿಗೆ ಮಾತ್ರ ಮತ ಕೊಟ್ಟಿತು. 1932ರಲ್ಲಿ ಆನಾಗೆ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂತು. ಅದೇ ವರ್ಷ 79ರ ಮುದುಕಿ ಮತ ಹಾಕಲು ಹೋದರೆ ದಾಖಲೆಯಲ್ಲಿ ಹೆಸರೇ ಸಿಗಲಿಲ್ಲ. ಅವರ ಮತ ಲೆಕ್ಕಕ್ಕೆ ಬರಲಿಲ್ಲ. ಮರುವರ್ಷ ತೀರಿಕೊಂಡರು. ಎಲ್ಲ ಹೆಂಗಸರಿಗೂ ಮತದ ಹಕ್ಕು ಕೊಟ್ಟ ಕಾನೂನು ಬಂದದ್ದು 1935ರಲ್ಲಿ.

ಅಕ್ಷರದ ಷರತ್ತಿನಿಂದಲೇ ಆನಾ ಅವರ ಮತ ಹೋಯಿತೆಂದು ನಾವು ಹೇಳುತ್ತಿಲ್ಲ. ಹಕ್ಕನ್ನು ಕಾಗದಕ್ಕೆ ಕಟ್ಟಿಹಾಕಿದರೆ, ನಾಳೆ ಯಾವ ಕಾಗದ ಯಾರನ್ನು ಹೊರಗೆ ನಿಲ್ಲಿಸೀತೋ ಬಲ್ಲವರಿಲ್ಲ. ಡಾಕ್ಟರೇಟ್ ಕೂಡ ಆಗ ಕಾಯುವುದಿಲ್ಲ. ಬ್ರಿಟಿಷರ 1935ರ ಕಾಯಿದೆ ನಮ್ಮ ಹೆಂಗಸರಿಗೂ ಅಕ್ಷರ, ಆಸ್ತಿಯಂಥ ಷರತ್ತು ಹಾಕಿತ್ತು. ಸಂವಿಧಾನದ 326ನೇ ವಿಧಿ ಆ ಬೇಲಿ ಕಿತ್ತೊಗೆಯಿತು. ಮತ್ತೆ ನೆಡಲು ಬಿಡಬೇಡಿ.

ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ, ಹೆಬ್ಬೆಟ್ಟು ಒತ್ತುವ ನಿಮ್ಮಜ್ಜಿಯ ಹೆಸರಿದೆಯೇ, ಇಂದೇ ನೋಡಿ.

ಈ ಕರಪತ್ರ ಓದಿ ಮಡಚಿಡಬೇಡಿ. ಓದಲು ಬಾರದವರ ನಡುವೆ ಕೂತು ಗಟ್ಟಿಯಾಗಿ ಓದಿ.